ಬದುಕಿದ್ದವನ ದಿವಸ

ಹೋದ ತಿಂಗಳು ನಮ್ಮ ಶಾಲೆಯಲ್ಲಿ ಬಿಸಿಯೂಟದ ಅಡುಗೆಯಾಕೆಯನ್ನು ಬೀಳ್ಕೊಟ್ಟರು. ಅರವತ್ತು ತುಂಬಿತು, ಇನ್ನು ಬರಬೇಡ ಎಂದು ಮೇಲಿನಿಂದ ಆದೇಶ ಬಂದಿತ್ತಂತೆ. ನಾನು ಅದೇ ಶಾಲೆಯಲ್ಲಿ ಮಾಸ್ತರಿಕೆ ಮುಗಿಸಿ ಅಣ್ಣಿಗೇರಿಯ ಮನೆಯಲ್ಲಿ ಕೂತವಳು. ಕರೆದರೆಂದು ಬಸ್ಸು ಹಿಡಿದು ಹೋದೆ. ಆಕೆಗೆ ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ಈಗಿನ ಹೆಡ್‌ಮಾಸ್ತರರು ಮೈಕು ಹಿಡಿದು, "ಈ ತಾಯಿ ಕ್ಷಮೆಯಲ್ಲಿ ಸಾಕ್ಷಾತ್ ಭೂಮಿತಾಯಿ" ಎಂದುಬಿಟ್ಟರು. ಪಾಪ, ಅವರು ಈ ಊರಿಗೆ ಬಂದು ಇನ್ನೂ ವರ್ಷ ತುಂಬಿಲ್ಲ. ನಾನು ಸೆರಗನ್ನು ಬಾಯಿಗೆ ಒತ್ತಿ ಹಿಡಿದೆ. ಅಳುತ್ತಿದ್ದೇನೆಂದು ತಿಳಿದು ಬಾಜು ಕೂತವರು ನೀರು ಕೊಟ್ಟರು. ವೇದಿಕೆಯ ಮೇಲಿದ್ದ ಆಕೆ ನನ್ನ ಕಡೆ ನೋಡಿ ಒಂದು ಹುಬ್ಬು ಏರಿಸಿದಳು.

ಭೂಮಿತಾಯಿಯಂತೆ! ವರ್ಷಗಟ್ಟಲೆ ಅವಳ ಒಲೆಯ ಮುಂದೆ ಮಣೆ ಹಾಕಿಕೊಂಡು ಉಂಡವಳು ನಾನು. ಆಕೆ ಯಾರನ್ನಾದರೂ ಕ್ಷಮಿಸಿದ್ದನ್ನು ಈ ಕಣ್ಣಿಂದ ಕಂಡಿಲ್ಲ. ಇದನ್ನು ದೂರೆಂದು ಹೇಳುತ್ತಿಲ್ಲ, ಮತ್ತೆ. "ಹೋಗಲಿ ಬಿಡವಾ" ಎಂದು ಹೆಣ್ಣುಮಕ್ಕಳ ಕಿವಿಯಲ್ಲಿ ಊದುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗಿಬರುವುದಿಲ್ಲ. ಹೋಗುವವರು ಹೋಗುತ್ತಾರೆ, ಬಿಡುವ ಕೆಲಸ ಮಾತ್ರ ನಮ್ಮ ತಲೆಗೆ! ಆಕೆಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ನನ್ನನ್ನೂ ಸುಮ್ಮನೆ ಬಿಡುವ ಹೆಂಗಸಲ್ಲ ಅದು.

ಗಿಡ್ಡ ಆಳು, ಎಣ್ಣೆಗಪ್ಪು ಬಣ್ಣ, ಅಗಲ ಹಣೆ, ಹಣೆಯ ತುಂಬ ಕುಂಕುಮ. ಬಲಗೈಯಲ್ಲಿ ಸೌಟಿದ್ದರೆ ಎಡಗೈ ಸೊಂಟದ ಮೇಲೆ. ಸಿಟ್ಟು ಬಂದರೆ ಎಲ್ಲರ ದನಿ ಏರುತ್ತದೆ, ಆಕೆಯದು ಇಳಿಯುತ್ತಿತ್ತು. "ಹೌದ?" ಎಂದು ಮೆಲ್ಲಗೆ ಕೇಳುತ್ತಿದ್ದಳು, ಅಷ್ಟೇ. ಆ "ಹೌದ?" ಕೇಳಿಸಿಕೊಂಡವರು ಆಮೇಲೆ ಎಷ್ಟೋ ದಿನ ಅಡುಗೆಕೋಣೆಯ ಕಡೆ ಸುಳಿಯುತ್ತಿರಲಿಲ್ಲ. ಒಮ್ಮೆ ನಾನೇ ಕೇಳಿದ್ದೆ, "ಅಲ್ಲವಾ, ಸಿಟ್ಟನ್ನ ಇಷ್ಟು ದಿನ ಹೊಟ್ಟ್ಯಾಗ ಹೆಂಗ ಇಟಗೋತಿ?" ಅವಳು ರೊಟ್ಟಿ ಬಡಿಯುತ್ತಲೇ ಅಂದಳು: "ಜ್ವಾಳದ ಹಿಟ್ಟಿಗೆ ತಣ್ಣೀರು ಹಾಕಿ ನಾದಿದ್ರ ರೊಟ್ಟಿ ಹರೀತೈತ್ರಿ ಅಕ್ಕಾರ. ಎಸರು ಕುದೀಬೇಕು, ಆಮ್ಯಾಲ ಹಾಕಿ ಸಾವಕಾಶ ನಾದಬೇಕು. ಸಿಟ್ಟೂ ಹಂಗ." ನಮ್ಮ ಕಡೆ ಶಾಲೆ ಕಲಿಸುವ ಹೆಣ್ಣುಮಕ್ಕಳನ್ನು ಅಕ್ಕಾರು ಎನ್ನುತ್ತಾರೆ. ಕೊನೆಯವರೆಗೂ ನಾನು ಅವಳಿಗೆ ಅಕ್ಕಾರೇ.

ಆ ನಾದುವಿಕೆ ಎಂಥದೆಂದು ಗೊತ್ತಾಗಬೇಕಾದರೆ ತೊಗರಿಬೇಳೆಯ ಸುದ್ದಿ ಕೇಳಬೇಕು. ಪಂಚಾಯಿತಿಯ ಒಬ್ಬ ಮೆಂಬರು, ಶಾಲೆಯ ಬೇಳೆಯನ್ನು ಈಕೆ ಸೀರೆಯಲ್ಲಿ ಕಟ್ಟಿಕೊಂಡು ಹೋಗುತ್ತಾಳೆಂದು ಚಹಾದಂಗಡಿಯಲ್ಲಿ ಕೂತು ಹೇಳಿದ. ಆಕೆಗೆ ಸುದ್ದಿ ಮುಟ್ಟಿತು. "ಹೌದ?" ಅಂದಳು. ಒಂದು ಬೇಸಿಗೆ ಹೋಯಿತು, ಮಳೆಗಾಲ ಬಂತು. ಎಲ್ಲರೂ ಮರೆತರು. ಆಗಸ್ಟ್ ಹದಿನೈದಕ್ಕೆ ಧ್ವಜ ಏರಿಸಿ ಊರ ಹಿರಿಯರೆಲ್ಲ ಮಕ್ಕಳ ಜೊತೆ ಪಂಕ್ತಿಯಲ್ಲಿ ಕೂತರು. ಮೆಂಬರನ ಎಲೆಗೆ ಬರೀ ಅನ್ನ ಬಡಿಸಿ ಈಕೆ ಅವನ ಮುಂದೆ ಸೌಟು ಹಿಡಿದು ನಿಂತುಬಿಟ್ಟಳು. ಸಾರೆಲ್ಲಿ ಎಂದು ಅವನು ಕೇಳಿದ. "ಬ್ಯಾಳಿ ಎಲ್ಲಾ ನಾ ಕಳವು ಮಾಡೇನಲ್ರೀ ಸಾಹೇಬರ, ನಿಮಗ ಎಲ್ಲಿಂದ ಹಾಕ್ಲಿ?" ಎಂದಳು. ಮಕ್ಕಳು ಹೋ ಎಂದವು. ಮೆಂಬರು ಒಣ ಅನ್ನವನ್ನು ಕಲಸುತ್ತ ಕೂತ. ಆಮೇಲೆ ಅವನು ಶಾಲೆಯ ಹಾದಿಯನ್ನೇ ಬದಲಿಸಿದ.

ಇಂಥವಳಿಗೆ ಗಂಡನೊಬ್ಬ ಅನ್ಯಾಯ ಮಾಡಿದ್ದ. ಮಾಡಿ ದಕ್ಕಿಸಿಕೊಂಡೆ ಎಂದು ತಿಳಿದಿದ್ದ.

ಮದುವೆಯಾಗಿ ಎರಡು ಸುಗ್ಗಿ ಕಳೆದಿರಲಿಲ್ಲ. ಗೋವಾದಲ್ಲಿ ಮನೆ ಕಟ್ಟುವ ಗೌಂಡಿ ಕೆಲಸ ಇದೆ, ಪಂಚಮಿಗೆ ಬರುತ್ತೇನೆ ಎಂದು ಹೋದ. ಪಂಚಮಿಗಳು ಬಂದವು, ಹೋದವು, ಅವನು ಬರಲಿಲ್ಲ. ಮಕ್ಕಳಿರಲಿಲ್ಲ. ಮನೆಯಲ್ಲಿ ಅತ್ತೆ, ಮದುವೆಯಾಗದ ಒಬ್ಬ ಮೈದುನ. ಹೊಲದ ಕಳೆ, ದನದ ಸೆಗಣಿ, ಮೂರು ಹೊತ್ತಿನ ರೊಟ್ಟಿ, ಆಮೇಲೆ ಶಾಲೆಯ ಅಡುಗೆ, ಎಲ್ಲ ಈಕೆಯದೇ. ಬೇರೆಯವರು ಕೇಳಿದರೆ ಅತ್ತೆ, "ಎಲ್ಲಿ ಅದಾನೋ ಏನೋ, ಶಿವಗ ಗೊತ್ತು" ಎಂದು ಕಣ್ಣಿಗೆ ಸೆರಗು ಹಚ್ಚುವಳು. ಈಕೆ ತವರಿಗೆ ಹೋಗುತ್ತೇನೆಂದರೆ, "ಬರ್ತಾನ ತಡಿಯವಾ, ಸೀಗಿ ಹುಣ್ಣಿವಿಗೆ ಬಂದ ಬರ್ತಾನ" ಎನ್ನುವಳು. ಬೇಕಾದಾಗ ಮಗ ಇದ್ದ, ಬೇಡವಾದಾಗ ಇರಲಿಲ್ಲ. ದುಡಿಯುವ ಎರಡು ಕೈಗಳು ಮನೆ ಬಿಟ್ಟು ಹೋಗಬಾರದು, ಅಷ್ಟೇ ಲೆಕ್ಕ. ಆ ಮುದುಕಿಯ ನೆನಪಾದರೆ ಈಗಲೂ ನನ್ನ ಮೈ ಉರಿಯುತ್ತದೆ.

ಊರಿನ ಹೆಂಗಸರೇನು ಕಡಿಮೆಯೆ? ಒಂದು ಮದುವೆಯಲ್ಲಿ ಸಾಲಾಗಿ ಕುಂಕುಮ ಹಚ್ಚುತ್ತ ಬಂದವಳು ಈಕೆಯ ಮುಂದೆ ಕೈ ತಡೆದಳು. ಗಂಡ ಇದ್ದಾನೋ ಸತ್ತಾನೋ ಗೊತ್ತಿಲ್ಲದವಳಿಗೆ ಹಚ್ಚುವುದೋ ಬಿಡುವುದೋ ಎಂದು ಆಚೀಚೆ ನೋಡಿದಳು. ಈಕೆ ಬಟ್ಟಲನ್ನೇ ಕಿತ್ತುಕೊಂಡು ಹಣೆ ತುಂಬ ತಾನೇ ಹಚ್ಚಿಕೊಂಡಳು. "ಇದು ನಮ್ಮವ್ವ ತೊಟ್ಟಲದಾಗ ಹಚ್ಚಿದ್ದು. ಅವ ತಂದಿದ್ದಲ್ಲ, ಒಯ್ಯಾಕ" ಎಂದು ಬಟ್ಟಲನ್ನು ತಿರುಗಿ ಕೊಟ್ಟಳು. ಅವತ್ತು ಈಕೆ ಊಟ ಮಾಡದೆ ಮನೆಗೆ ಹೋದದ್ದು ನನಗೊಬ್ಬಳಿಗೆ ಗೊತ್ತು.

ನಲವತ್ತು ದಾಟಿದ ಮೇಲೆ ಒಂದು ದಿನ ಒಲೆಯ ಮುಂದೆ ಕೂತು, ತಲೆ ಎತ್ತದೆ ಅಂದಳು.

"ಅಕ್ಕಾರ, ಗಿರಣಿಯಾಂವ ಕೇಳಿದ."

ಊರ ಹಿಟ್ಟಿನ ಗಿರಣಿಯಾತ ಹೆಂಡತಿ ಸತ್ತು ಒಬ್ಬನೇ ಇದ್ದ. ಒಬ್ಬಳೇ ಮಗಳನ್ನು ಕುಂದಗೋಳಕ್ಕೆ ಕೊಟ್ಟಿದ್ದ. ಮೈಮೇಲೆಲ್ಲ ಹಿಟ್ಟು, ಬಾಯಲ್ಲಿ ಮಾತು ಕಡಿಮೆ.

"ಏನ್ ಕೇಳಿದಾ?"

"ರೊಟ್ಟಿ ಬಡ್ಯಾಕ ನನಗ ಮಂದಿ ಬ್ಯಾಡ, ನಾನ ಬಡಕೋತೀನಿ. ಸಂಜೀಕ ಗಿರಣಿ ಬಂದ್ ಮಾಡಿದ ಮ್ಯಾಲ ಮನಿ ಭಣಭಣ ಅಂತೈತಿ, ಎದುರಿಗೆ ಕುಂತು ಮಾತಾಡವರು ಬೇಕು ಅಂದ."

"ನೀ ಏನಂದಿ?"

"ಬೀಸೂದು ಮುಗೀತಿಲ್ಲೋ, ಹಿಟ್ಟು ಕೊಡು ಅಂದೆ." ಹೇಳಿ ನಕ್ಕಳು. ಅಷ್ಟು ವರ್ಷದಲ್ಲಿ ಆಕೆ ನಾಚಿದ್ದನ್ನು ನೋಡಿದ್ದು ಅದೊಂದೇ ಸಲ.

ಸುದ್ದಿ ಹಬ್ಬಿದ್ದೇ ತಡ, ಹಿರಿಯರು ಬುದ್ಧಿ ಹೇಳಲು ಬಂದರು. "ಸುಮ್ನ ಕೂಡಿ ಇದ್ದುಬಿಡ್ರಿ, ಯಾರು ಕೇಳ್ತಾರ? ಕೋರ್ಟು ಕಚೇರಿ ಯಾಕ?" ಎಂದರು. "ಕದ್ದು ಸಂಸಾರ ಮಾಡೂದು ಅವನ ಕೆಲಸ, ನಂದಲ್ಲ" ಎಂದು ಕಳಿಸಿದಳು. ಮೈದುನ ಬೇರೆಯದೇ ಹಾಡಿದ. "ನಮ್ಮಣ್ಣ ಜೀವಂತ ಇರೂವಾಗ ಇನ್ನೊಂದು ಮದುವಿ ಆದ್ರ ಇಬ್ಬರನ್ನೂ ಜೇಲಿಗೆ ಹಾಕಸ್ತೀನಿ" ಎಂದ. ಹಾಗಾದರೆ ಅಣ್ಣನ ವಿಳಾಸ ಕೊಡು ಎಂದರೆ, "ನನಗೇನ್ ಗೊತ್ತು?" ಎಂದು ಹೆಗಲ ಮೇಲಿನ ಟವೆಲ್ಲು ಝಾಡಿಸಿದ.

ಹೀಗೆ ನವಲಗುಂದದ ಕೋರ್ಟು ಹತ್ತಿದಳು. ಜೊತೆಗೆ ರಜೆ ಹಾಕಿ ಹೋದವಳು ನಾನು. ವಕೀಲರು ಒಳ್ಳೆಯವರು. ಬಿಟ್ಟು ಹೋದನೆಂದು ಅರ್ಜಿ ಹಾಕೋಣ, ಸಮನ್ಸ್ ಮುಟ್ಟದಿದ್ದರೆ ಪೇಪರಿನಲ್ಲಿ ನೋಟೀಸು ಕೊಡೋಣ, ಅವನು ಬರದಿದ್ದರೂ ತೀರ್ಪು ಆಗುತ್ತದೆ ಎಂದರು. ಆಮೇಲೆ ಅವನು ಬಂದು, ನನಗೆ ಗೊತ್ತೇ ಇರಲಿಲ್ಲ ಎಂದು ತಕರಾರು ತೆಗೆದರೆ? ತೆಗೆಯಬಹುದು, ಅದೊಂದು ತೊಂದರೆ ಇದ್ದೇ ಇದೆ ಎಂದರು. ಆಕೆ ಅಂದಳು: "ಗ್ವಾಡಿಗೆ ಹೇಳಿ ಬಿಡೂದು ಬ್ಯಾಡ್ರಿ ವಕೀಲರ. ಅವ ನನಗ ಹೇಳದ ಹ್ವಾದ. ನಾ ಅವನ ಮಾರಿ ಮುಂದ ನಿಂತು ಹೇಳಿ ಬಿಡಾಕಿ."

ಸಮನ್ಸ್ ಹಿಡಿದು ಕೋರ್ಟಿನ ಬೇಲೀಫ ಊರಿಗೆ ಬಂದ. ಅತ್ತೆ ಗೊತ್ತಿಲ್ಲ ಎಂದಳು. ಮತ್ತೆ ಬಂದ, ಮತ್ತೆ ಗೊತ್ತಿಲ್ಲ. "ಯಕ್ಕಾ, ಅವನ ಮಾರಿ ಒಂದು ತೋರಸು, ಕಾಗದ ಅವನ ಕೈಯಾಗಿಡೂದು ನನ್ನ ಜವಾಬ್ದಾರಿ" ಎಂದು ಈಕೆಗೆ ಹೇಳಿ ಬೇಲೀಫ ಬೇಸತ್ತು ಹೋದ. ಅಷ್ಟರಲ್ಲಿ ಗಿರಣಿಯಾತನ ಕುಂದಗೋಳದ ಮಗಳು ಅಪ್ಪನಿಗೆ ಬೇರೆ ಕಡೆ ಹೆಣ್ಣು ನೋಡಿಕೊಂಡು ಬಂದಳು. ಅವನು, ಈಕೆಗಾಗಿ ಕಾಯುತ್ತೇನೆ ಎಂದ. ಆ ಮಾತು ಆಕೆಗೆ ಸುಖ ಕೊಡಲಿಲ್ಲ. "ಕಾಯೂದು ಅಂದ್ರ ಏನಂತ ನನಗ ಗೊತ್ತೈತ್ರಿ ಅಕ್ಕಾರ. ಒಬ್ಬರನ್ನ ಕಾಯಿಸಿ ಇಟ್ಟು ನಾ ಬದಕೂದಿಲ್ಲ. ಈ ವರ್ಷದಾಗ ಬಿಡುಗಡಿ ಆಗಲಿಲ್ಲಂದ್ರ ಆ ಹೆಣ್ಣು ಮಾಡಿಕೋ ಅಂತ ನಾನ ಹೇಳ್ತೀನಿ." ಹೇಳುತ್ತ ದನಿ ಕೆಳಗಿಳಿಯಿತು. ನನಗೆ ಆಗಲೇ ಅಂಜಿಕೆಯಾಯಿತು. ಇವಳು ಏನೋ ಮಾಡುತ್ತಾಳೆ ಎಂದುಕೊಂಡೆ.

ಮಾಡಿದ್ದು ಇದು. ಮದುವೆಯ ಫೋಟೋದಲ್ಲಿ ತನ್ನನ್ನು ಕತ್ತರಿಸಿ ತೆಗೆದು, ಅವನ ಅರ್ಧವನ್ನು ಅಣ್ಣಿಗೇರಿಯಲ್ಲಿ ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ ತಂದಳು. ಅತ್ತೆಯ ಪಡಸಾಲೆಯ ಗೋಡೆಗೆ ಮೊಳೆ ಹೊಡೆದು ತೂಗು ಹಾಕಿ, ಮಾಲೆ ಹಾಕಿ, ಮುಂದೆ ದೀಪ ಹಚ್ಚಿದಳು. ಆಮೇಲೆ ಮನೆಮನೆಗೆ ಹೊರಟಳು. ನಮ್ಮ ಕಡೆ ಸತ್ತವರ ದಿವಸಕ್ಕೆ, ಅಂದರೆ ತಿಥಿಯೂಟಕ್ಕೆ, ಕರೆಯುವವರು ಹೊಸ್ತಿಲು ದಾಟುವುದಿಲ್ಲ, ಹೊರಗೆ ನಿಂತೇ ಹೇಳುತ್ತಾರೆ. ಹೋಗಿ ಬರುತ್ತೇನೆ ಎನ್ನುವುದಿಲ್ಲ. ಆಕೆ ಪ್ರತಿ ಬಾಗಿಲಲ್ಲೂ ಹೊರಗೆ ನಿಂತು, "ನಮ್ಮ ಮನೀಯವರ ದಿವಸ ಐತ್ರಿ, ಮುಂದಿನ ಸ್ವಾಮಾರ. ಗೋದಿ ಹುಗ್ಗಿ ಮಾಡ್ತೀನಿ, ಎಲ್ಲಾರೂ ಊಟಕ್ಕ ಬರ್ರಿ" ಎಂದು ಹೇಳಿ ಬೆನ್ನು ತಿರುಗಿಸಿ ನಡೆದಳು. ಊರು ದಂಗುಬಡಿಯಿತು.

"ಖರೇನ ಸತ್ತಾನಂತ ತಿಳದೀ ಏನ?" ಎಂದು ನಾನು ಕೇಳಿದೆ.

"ಸತ್ತಿದ್ರ ನಮ್ಮತ್ತಿ ಹಂಗ ಉಣ್ಣತಿದ್ದಿಲ್ರಿ. ಮಗನ್ನ ಕಳಕೊಂಡ ತಾಯಿ ಮೂರು ರೊಟ್ಟಿ ತಿಂದು ಮ್ಯಾಲ ಮಸರನ್ನ ಕೇಳತಾಳೇನು? ಬಡಿಸಾಕಿ ನಾನ ಅಲ್ರೀ? ಅವ ಅದಾನ. ಇವರಿಗೆ ಗೊತ್ತೈತಿ."

ಇದ್ದವನ ದಿವಸ ಮಾಡುವುದೆಂದರೆ ಸಣ್ಣ ಮಾತಲ್ಲ. ಬೈಗುಳ ತಾಕದಿದ್ದರೂ ಸತ್ತವರಿಗೆಂದು ಇಡುವ ಎಡೆ ತಾಕುತ್ತದೆ ಎಂದು ನಂಬುವ ಊರು ನಮ್ಮದು. ಎರಡು ದಿನ ಮುದುಕಿ ನಕ್ಕಳು. ಮೂರನೆಯ ದಿನ ಫೋಟೋದ ಮುಂದಿನ ದೀಪ ಗಾಳಿಗೆ ಆರಿತಂತೆ. ನಾಲ್ಕನೆಯ ದಿನ ಮಧ್ಯಾಹ್ನ ಮಕ್ಕಳು ಊಟಕ್ಕೆ ಕೂತಿದ್ದಾಗ, ತಲೆಗೂದಲು ಬಿಚ್ಚಿಕೊಂಡು ಶಾಲೆಯ ಅಂಗಳಕ್ಕೆ ನುಗ್ಗಿ ಬಂದಳು.

"ಹಾಟ್ಯಾನ ಮಗಳ! ನನ್ನ ಮಗನ್ನ ತಿನ್ನಾಕ ಕುಂತೀ ಏನ? ಅವ ಬದಕ್ಯಾನ! ಮಡಗಾಂವದಾಗ ಅದಾನ! ಶಿವರಾತ್ರಿಗೆ ಫೋನ್ ಮಾಡಿದ್ದ! ಎರಡು ಮಕ್ಕಳ ಅದಾವು ಅವಗ! ಇಳಿಸು ಆ ಫೋಟೋ!"

ಅಂಗಳದಲ್ಲಿ ಮಾಸ್ತರರಿದ್ದರು, ನೀರಿಗೆ ಬಂದ ಹೆಂಗಸರಿದ್ದರು, ಅರ್ಧ ಊರೇ ಇತ್ತು. ಬಾಯಿಂದ ಬಿದ್ದ ಮೇಲೆ ಮುದುಕಿಗೆ ಎಚ್ಚರವಾಯಿತು. ಕೈಯಿಂದ ಬಾಯಿ ಮುಚ್ಚಿಕೊಂಡಳು. ಎರಡು ಮಕ್ಕಳ ಸುದ್ದಿ ಸೊಸೆಗೂ ಹೊಸದು. ನಾನು ಅವಳ ಮುಖವನ್ನೇ ನೋಡುತ್ತಿದ್ದೆ. ಸಾರಿನ ಸೌಟು ಒಂದು ಕ್ಷಣ ನಿಂತಿತು, ಮತ್ತೆ ತಿರುಗಿತು.

"ಹೌದ?" ಎಂದಳು. "ಹಂಗಾದ್ರ ಕರೀರಿ ಅತ್ತಿ. ಅವಂದ ದಿವಸ, ಅವ ಇಲ್ಲಂದ್ರ ಹೆಂಗ?"

ಮುದುಕಿ ಹಿರಿಯರ ಕಾಲು ಹಿಡಿದಳು. ಅವರಾದರೂ ಏನು ಮಾಡಿಯಾರು? ಹೆಂಡತಿ ದಿವಸ ಮಾಡುತ್ತೇನೆಂದರೆ ಬೇಡ ಎನ್ನುವುದು ಹೇಗೆ, ಬದುಕಿದ್ದರೆ ಅವನೇ ಬಂದು ಮುಖ ತೋರಿಸಲಿ ಎಂದರು. ಮೈದುನ ಹಗಲೆಲ್ಲ ಫೋನಿಗೆ ಬಾಯಿ ಹಚ್ಚಿಕೊಂಡೇ ಇದ್ದ. ಇತ್ತ ಆಕೆ ನವಲಗುಂದಕ್ಕೆ ಹೋಗಿ ವಕೀಲರಿಂದ ಹೊಸ ಸಮನ್ಸ್ ಹೊರಡಿಸಿ, ಬೇಲೀಫನಿಗೂ ಹೊಸ್ತಿಲ ಹೊರಗೆ ನಿಂತೇ ಊಟಕ್ಕೆ ಹೇಳಿ ಬಂದಳು.

ಸೋಮವಾರ ಅತ್ತೆಯ ಮನೆಯ ಮುಂದೆ ಪೆಂಡಾಲು. ಹುಗ್ಗಿಯ ವಾಸನೆಗೆ ಬರಬಾರದವರೂ ಬಂದರು. ಬೇಲೀಫ ಮೊದಲ ಪಂಕ್ತಿಯಲ್ಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಎಡೆ ಹಿಡಿಯುವ ಹೊತ್ತಿಗೆ ಸರಿಯಾಗಿ ಮೈದುನನ ಬೈಕಿನ ಹಿಂದೆ ಅವನು ಬಂದಿಳಿದ. ಹೊಟ್ಟೆ ಬಂದಿತ್ತು, ಕೂದಲಿಗೆ ಕರೀ ಬಣ್ಣ ಹಚ್ಚಿದ್ದ, ಕೊರಳಲ್ಲಿ ದಪ್ಪ ಚೈನು. ಪಡಸಾಲೆ ಏರಿದವನು ಮಾಲೆ ಹಾಕಿದ ತನ್ನದೇ ಫೋಟೋದ ಮುಂದೆ ಬಂದು ನಿಂತ. ಮುಖ ಬೂದಿಯಾಯಿತು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ನಾನೇ ಇರಬೇಕು.

ಆಕೆ ಒಳಗಿನಿಂದ ಬಂದಳು. ಎಡಗೈ ಸೊಂಟದ ಮೇಲೆ. ಒಂದು ಕಾಲಕ್ಕೆ ಈ ಗಂಡಸಿನ ಹಾದಿ ನೋಡುತ್ತ ಬಾಗಿಲಲ್ಲಿ ಕೂತವಳು, ಅಡಿಯಿಂದ ಮುಡಿಯವರೆಗೆ ನೋಡಿದಳು.

"ಯಾರು ನೀ?" ಎಂದಳು.

"ನಾನ... ನಾನ ಅಲ್ಲೇನ, ಗುರತ ಸಿಗಲಿಲ್ಲೇನ?"

"ನನಗ ಸಿಕ್ಕೈತಿ. ಮಂದಿಗೆ ಹೇಳು, ಕೇಳುವಂಗ. ನೀ ಅವನಲ್ಲ ಅಂದ್ರ ಎಡಿ ಹಿಡೀತೀನಿ, ಊಟ ಸುರು ಆಗತಾವು. ನೀ ಅವನ ಅಂದ್ರ, ಅಲ್ಲಿ ಕುಂತಾರಲ್ಲ, ಅವರದೊಂದು ಕೆಲಸ ಐತಿ."

ಮುದುಕಿ ಹಿಂದಿನಿಂದ, "ಹೇಳೋ ಮಗನ, ಹೇಳೋ!" ಎಂದು ಚೀರಿದಳು. ಅವನು ತನ್ನ ಹೆಸರು ಹೇಳಿದ. ತಂದೆಯ ಹೆಸರು ಹೇಳಿದ. ಬೇಲೀಫ ಕೈ ಒರೆಸಿಕೊಂಡು ಎದ್ದು ಸಮನ್ಸ್ ಕೊಟ್ಟು, ಊರ ಮುಂದೆ ಸಹಿ ಹಾಕಿಸಿಕೊಂಡ. ಮೈದುನ ಹಾರಾಡಿದ, ಇದು ಮೋಸ ಎಂದ. ಯಾರೂ ಅವನ ಕಡೆ ನೋಡಲಿಲ್ಲ. ಆಕೆ ಫೋಟೋದ ಮುಂದೆ ಹಾಕಿದ್ದ ಮೊದಲನೆಯ ಎಲೆಯನ್ನು ಎತ್ತಿ ತಂದು ಅವನ ಮುಂದಿಟ್ಟು ಹುಗ್ಗಿ ಬಡಿಸಿದಳು. "ಕುಂದ್ರು. ನಿನ್ನ ಹೆಸರಲೇ ಮಾಡೀನಿ, ಉಣ್ಣು" ಎಂದಳು. ಅಷ್ಟು ಮಂದಿಯ ನಡುವೆ ಏಳಲಾರದೆ ಅವನು ತನ್ನ ದಿವಸದ ಊಟವನ್ನು ತಾನೇ ಉಂಡ. ಆಕೆ ಎದುರು ನಿಂತು ಇನ್ನೊಂದು ಸೌಟು ಬಡಿಸಿದಳು. ಅವತ್ತಿನಷ್ಟು ರುಚಿಯ ಹುಗ್ಗಿಯನ್ನು ನಾನು ಮತ್ತೆಲ್ಲೂ ಉಂಡಿಲ್ಲ, ಬೇಕಾದರೆ ನನ್ನನ್ನು ಕೆಟ್ಟವಳು ಅನ್ನಿ.

ಕೋರ್ಟಿಗೆ ಬಂದ. ಬರದೆ ಎಲ್ಲಿ ಹೋದಾನು? ಇಬ್ಬರೂ ಒಪ್ಪಿ ಬರೆದುಕೊಟ್ಟರೆ ಬೇಗ ಮುಗಿಯುತ್ತದೆ ಎಂದು ಅವನ ಕಡೆಯವರು ಹೇಳಿ ಕಳಿಸಿದರು. "ಕೂಡಿ ಬಾಳಲಿಲ್ಲ, ಕೂಡಿ ಹೆಂಗ ಬಿಡೂದು?" ಎಂದು ಈಕೆ ಒಪ್ಪಲಿಲ್ಲ. ಅವನು ಬಿಟ್ಟು ಹೋದ, ಆದ್ದರಿಂದ ನಾನು ಇವನನ್ನು ಬಿಡುತ್ತಿದ್ದೇನೆ ಎಂದು ಕಟಕಟೆಯಲ್ಲಿ ನಿಂತು, ಅವನ ಕಣ್ಣಿನಲ್ಲಿ ಕಣ್ಣಿಟ್ಟು ಹೇಳಿದಳು. ಏನಾದರೂ ಹೇಳುವುದಿದೆಯೇ ಎಂದು ನ್ಯಾಯಾಧೀಶರು ಕೇಳಿದಾಗ ಅವನು ನೆಲ ನೋಡುತ್ತ, "ನನಗ ಅಲ್ಲಿ ಸಂಸಾರ ಐತ್ರಿ ಸಾಹೇಬರ" ಎಂದ. ಇನ್ನೇನು ಉಳಿಯಿತು? ಬಿಡುಗಡೆ ಆಯಿತು.

ತೀರ್ಪಿನ ದಿನ ಗಿರಣಿಯಾತ ಹೊರಗೆ ಬೇವಿನ ಗಿಡದ ಕೆಳಗೆ ಬೈಕು ನಿಲ್ಲಿಸಿಕೊಂಡು ಕಾಯುತ್ತಿದ್ದ. ಅವತ್ತಷ್ಟೇ ಮೈಮೇಲೆ ಹಿಟ್ಟಿರಲಿಲ್ಲ. ಇಂಥ ಎರಡನೆಯ ಮದುವೆಯನ್ನು ನಮ್ಮ ಕಡೆ ಉಡಕಿ ಎನ್ನುತ್ತಾರೆ. ಕತ್ತಲಾದ ಮೇಲೆ, ದೀಪ ಸಣ್ಣದು ಮಾಡಿ, ಮುತ್ತೈದೆಯರ ಕಣ್ಣಿಗೆ ಬೀಳದಂತೆ ಮುಗಿಸುವುದು ಹಿಂದಿನಿಂದ ಬಂದ ಪದ್ಧತಿ. "ನಾ ಏನ್ ಕಳವು ಮಾಡೀನೇನು? ಮಟಮಟ ಮಧ್ಯಾಹ್ನ ಗಿರಣಿ ಮುಂದ ಆಗಬೇಕು, ಬಾಜಾ ಇರಬೇಕು" ಎಂದು ಬಸ್ಸಿನಲ್ಲಿ ಬರುವಾಗಲೇ ನನಗೆ ಹೇಳಿದ್ದಳು. ನಾವಿಬ್ಬರೂ ಕೋರ್ಟಿನ ಮೆಟ್ಟಿಲು ಇಳಿದು ಬರುವಷ್ಟರಲ್ಲಿ ಹಿಂದಿನಿಂದ ಆ ಮಡಗಾಂವದವನು ಓಡಿ ಬಂದ. ಕೈ ಮುಗಿದ.

"ತಪ್ಪಾತು. ಎಲ್ಲಾ ನಂದ ತಪ್ಪು. ಕ್ವಾರ್ಟಿಂದೂ ಮುಗೀತು, ಇನ್ನ ಏನೈತಿ? ಒಂದ ಮಾತು ನಡಸಿಕೊಡು. ಅವ್ವ ಆ ಫೋಟೋ ಮುಟ್ಟಾಕ ಅಂಜತಾಳ, ತಗದ್ರ ಏನಾರ ಆದೀತು ಅಂತಾಳ. ಮಾಲಿ ಹಾಕಿದಾಕಿ ನೀನ, ನೀನ ಬಂದು ಇಳಿಸು. ಊರಾಗ ಹುಡುಗೂರು ನನ್ನ ನೋಡಿ ಸತ್ತಾಂವ ಬಂದಾ ಅಂತಾವು."

ಬಿಸಿಲಲ್ಲಿ ಹಣೆಯಿಂದ ಅವನ ಕೂದಲ ಬಣ್ಣ ಇಳಿಯುತ್ತಿತ್ತು. ಒಂದು ಗಳಿಗೆ ನನ್ನ ಮನಸ್ಸೂ ಕರಗಿತು, ಸುಳ್ಳೇಕೆ ಹೇಳಲಿ. ಆಕೆ ನಿಂತು, ಅವನು ಹೇಳುವುದನ್ನೆಲ್ಲ ಪೂರ್ತಿ ಕೇಳಿದಳು. ದನಿ ಎಷ್ಟು ಇಳಿಯಿತೆಂದರೆ ಬಾಜು ಇದ್ದ ನಾನೂ ಬಗ್ಗಿ ಕೇಳಬೇಕಾಯಿತು.

"ಅದು ನನ್ನ ಗಂಡನ ಫೋಟೋ. ಇಳಸು ಅನ್ನಾಕ ನೀ ಯಾರು?"

ಗಿರಣಿಯಾತ ಗಾಡಿ ಚಾಲೂ ಮಾಡಿದ. ಆಕೆ ಹಿಂದೆ ಕೂತು, ಸೆರಗು ಸಿಗಿಸಿಕೊಂಡು, ಅವನ ಹೆಗಲ ಮೇಲೆ ಕೈಯಿಟ್ಟಳು.